ಶಾಲೆಯಲ್ಲಿ ಧ್ಯಾನ ಮಾಡಿಸಿದರೆ ಮಕ್ಕಳಿಗೆ ಉಪಯೋಗವಾಗುತ್ತದೆಯೇ?

ಎಂಟನೇ ತರಗತಿಗೆ ದಿನಕ್ಕೆ ಹತ್ತು ನಿಮಿಷ, ಈ ಕ್ಷಣದಲ್ಲಿ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ ಮೈಂಡ್‌ಫುಲ್‌ನೆಸ್ ಧ್ಯಾನ ಮಾಡಿಸಲು ಮುಖ್ಯೋಪಾಧ್ಯಾಯರು ಹೇಳಿದ್ದಾರೆ, ಗಲಾಟೆ ಕಡಿಮೆಯಾಗುತ್ತದೆಯೇ, ಹೇಗೆ ಶುರು ಮಾಡಲಿ ಎಂದು ಕೇಳಿದ್ದೀರಿ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಆರು ವರ್ಷಗಳಿಂದ ಈ ಧ್ಯಾನ ಮಾಡುತ್ತಿದ್ದೇನೆ. ಮೊದಲು ನೀವು ಕಲಿಯಿರಿ, ಮಕ್ಕಳಿಗೆ ಆಮೇಲೆ.

ಬ್ರಿಟನ್ನಿನಲ್ಲಿ ‘ಮಿರಿಯಡ್’ ಎಂಬ ದೊಡ್ಡ ಅಧ್ಯಯನ ನಡೆದಿತ್ತು. 85 ಶಾಲೆಗಳು, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು. ಶಿಕ್ಷಕರೇ ತರಬೇತಿ ಪಡೆದು ಈ ಧ್ಯಾನದ ಹತ್ತು ಪಾಠಗಳನ್ನು ಮಾಡಿದರು. 2022ರಲ್ಲಿ ಫಲಿತಾಂಶ ಬಂದಾಗ, ಎಂದಿನ ಪಾಠಕ್ರಮದಲ್ಲೇ ಇದ್ದ ಮಕ್ಕಳಿಗಿಂತ ಇವರ ಮನಸ್ಸಿನ ಆರೋಗ್ಯ ಉತ್ತಮವೇನೂ ಆಗಿರಲಿಲ್ಲ. ಬಹುತೇಕ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಶಿಕ್ಷಕರ ಬಳಲಿಕೆ ಮಾತ್ರ, ಸ್ವಲ್ಪ ಕಾಲಕ್ಕಾದರೂ, ಇಳಿದಿತ್ತು. ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ, ಏಕೆಂದರೆ ನನ್ನಲ್ಲೂ ಆದದ್ದು ಅದೇ.

ಬಿಸಿಯೂಟದ ನಂತರದ ಮೊದಲ ಪೀರಿಯಡ್, ಅರವತ್ತೆರಡು ಮಕ್ಕಳು. ಡಸ್ಟರಿನಿಂದ ಮೇಜು ಕುಟ್ಟಿ ಕುಟ್ಟಿ, ಕಿರುಚಿ, ಸಂಜೆ ಮನೆಗೆ ಹೋದರೆ ಸ್ವಂತ ಮಗನೊಂದಿಗೆ ಮಾತನಾಡಲು ಗಂಟಲೇ ಇರುತ್ತಿರಲಿಲ್ಲ. ಆಗ ತರಗತಿಯ ಬಾಗಿಲಲ್ಲಿ ಅರೆ ನಿಮಿಷ ನಿಲ್ಲುವುದನ್ನು ರೂಢಿಸಿಕೊಂಡೆ. ಎರಡೂ ಪಾದಗಳು ನೆಲಕ್ಕೆ ತಾಗಿರುವುದನ್ನು ಗಮನಿಸುವುದು, ಮೂರು ಸಲ ನಿಧಾನವಾಗಿ ಉಸಿರು ಬಿಡುವುದು, ಅಷ್ಟೇ. ಕೆಲವು ತಿಂಗಳಲ್ಲಿ ಸಿಟ್ಟು ಕುತ್ತಿಗೆಯವರೆಗೆ ಏರುವುದು ಬೈಗುಳ ಬಾಯಿಗೆ ಬರುವ ಮೊದಲೇ ತಿಳಿಯತೊಡಗಿತು. ಗಲಾಟೆ ಈಗಲೂ ಇದೆ. ನಾನು ಕಿರುಚುವುದು ಕಡಿಮೆಯಾಗಿದೆ.

ಮಕ್ಕಳ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಎಲ್ಲರೂ ಕಣ್ಣು ಮುಚ್ಚಿ ಎಂದು ಅಪ್ಪಣೆ ಮಾಡಿದ್ದೆ. ಮೂರನೇ ದಿನ ಒಬ್ಬಳು ಹುಡುಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಆ ಬೇಸಿಗೆಯಲ್ಲಿ ಅವಳ ತಂದೆ ತೀರಿಕೊಂಡಿದ್ದರು. ಕಣ್ಣು ಮುಚ್ಚಿದರೆ ಆಸ್ಪತ್ರೆಯೇ ಕಾಣುತ್ತದೆ ಎಂದಳು. ನೊಂದ ಮಗುವಿಗೆ ಮೌನ ಯಾವಾಗಲೂ ಹಿತವಲ್ಲ. ಅಂದಿನಿಂದ ಕಣ್ಣು ತೆರೆದಿರಲಿ, ಬೇಡವೆನಿಸಿದವರು ಸುಮ್ಮನೆ ಚಿತ್ರ ಬರೆಯಲಿ ಎನ್ನುತ್ತೇನೆ. ಮಗು ತೀರಾ ಕುಗ್ಗಿದ್ದರೆ ಧ್ಯಾನವನ್ನು ನಂಬಿ ಕೂರಬೇಡಿ. ಮನೆಯವರೊಂದಿಗೆ ಮಾತನಾಡಿ, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಹತ್ತು ನಿಮಿಷ ಬಹಳವಾಯಿತು. ಎರಡು ನಿಮಿಷದಿಂದ ಶುರು ಮಾಡಿ. ಉಸಿರಿಗಿಂತ ಶಬ್ದ ಸುಲಭ: ಈಗ ಎಷ್ಟು ಬಗೆಯ ಸದ್ದು ಕೇಳುತ್ತಿದೆ ಎಂದು ಎಣಿಸಲು ಹೇಳಿ. ಅಡುಗೆಮನೆಯ ಪಾತ್ರೆ, ರಸ್ತೆಯ ಬಸ್ಸು, ಹೊಂಗೆಯ ಮರದ ಕಾಗೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಹೊರಗೆ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ಹೇಳಿ, ತಾನೇ ಎದ್ದು ಹೋಗಿ ನಿಲ್ಲಿಸಿ ಬಂದ.

ಗಲಾಟೆ ಮಾಡಿದವರಿಗೆ ಶಿಕ್ಷೆಯಾಗಿ ಇದನ್ನು ಎಂದೂ ಕೊಡಬೇಡಿ. ಅಂಕವೂ ಬೇಡ. ದೆಹಲಿ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ಎಂಟನೇ ತರಗತಿಯವರೆಗೆ ಆರಂಭವಾದ, ಇಂಥ ಧ್ಯಾನವೂ ಸೇರಿದ್ದ ಹ್ಯಾಪಿನೆಸ್ ತರಗತಿಗೂ ಪರೀಕ್ಷೆ ಇಟ್ಟಿರಲಿಲ್ಲ. ಮಂತ್ರ, ದೇವರ ಹೆಸರು ಯಾವುದನ್ನೂ ಸೇರಿಸದೆ, ಏನು ಮಾಡಿಸುತ್ತೀರಿ ಎಂಬುದನ್ನು ಪೋಷಕರ ಸಭೆಯಲ್ಲಿ ಮೊದಲೇ ಹೇಳಿಬಿಡಿ. ನಮ್ಮಲ್ಲಿ ಒಬ್ಬ ತಾಯಿ ಅನುಮಾನದಿಂದಲೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದರು, ಅವರೂ ಏಳು ಸದ್ದು ಎಣಿಸಿದರು.