ಮಧ್ಯಾಹ್ನಾಗ ಯಾಕ್ರೀ ಬಂದ್ ಆಗತೈತಿ ಸೋಲಾರ್?

ಪ್ರಶ್ನೆ: ಮಾಳಗಿ ಮ್ಯಾಲ 5 ಕಿಲೋವ್ಯಾಟ್ ಸೋಲಾರ್ ಹಾಕ್ಸೇವ್ರಿ, ಸಿಂಗಲ್ ಫೇಸ್. ಮುಂಜಾನಿ ಚಲೋ ನಡೀತೈತಿ. ಬಿಸಲು ಜೋರ್ ಆತು ಅಂದ್ರ 12ರಿಂದ 2ರ ತನಕ ಬಂದ್ ಆಗೂದು, ಚಾಲೂ ಆಗೂದು, ಇದ ಆಟ. ಹಾಕಿದವ್ರು ಲೈನಿಂದ ದೋಷ ಅಂತಾರ, ಲೈನ್‌ಮನ್ ನಿಮ್ಮ ಮಷೀನಿಂದ ಅಂತಾರ. ಯಾರ ಮಾತು ನಂಬೂದು?
– ಓದುಗರು, ಧಾರವಾಡ

ಉತ್ತರ: ಮಷೀನು, ಅಂದರೆ ಪ್ಯಾನಲ್ಲಿನ ಕರೆಂಟನ್ನು ಮನೆಯ ಕರೆಂಟಾಗಿಸುವ ಇನ್ವರ್ಟರ್, ಬಹುಶಃ ಸರಿಯಾಗಿಯೇ ಇದೆ. ವೋಲ್ಟೇಜ್ ಮಿತಿ ದಾಟಿದರೆ ಬಂದ್ ಆಗುವುದೇ ಅದರ ಕೆಲಸ. ಆ ಮಿತಿ 253 ಅಥವಾ 264 ವೋಲ್ಟ್ ಇರುತ್ತದೆ, ಸೆಟ್ಟಿಂಗಿನಲ್ಲಿ ನೋಡಿ. ವೋಲ್ಟೇಜ್ ಎಲ್ಲಿ ಏರುತ್ತಿದೆ ಎಂಬುದನ್ನು ಹತ್ತು ನಿಮಿಷದಲ್ಲಿ ನೀವೇ ಪತ್ತೆ ಹಚ್ಚಬಹುದು.

ಹನ್ನೆರಡೂವರೆಗೆ ಸೋಲಾರ್ ನಡೆಯುತ್ತಿರುವಾಗ ಇನ್ವರ್ಟರ್ ತೋರಿಸುವ ವೋಲ್ಟೇಜ್, ಮೀಟರ್ ತೋರಿಸುವ ವೋಲ್ಟೇಜ್ ಎರಡನ್ನೂ ಬರೆದುಕೊಳ್ಳಿ. ಆಮೇಲೆ ಸೋಲಾರನ್ನು ಮನೆಯ ಲೈನಿಗೆ ಸೇರಿಸುವ ಬ್ರೇಕರ್ ಇಳಿಸಿ ಮೀಟರನ್ನು ಮತ್ತೊಮ್ಮೆ ಓದಿ. ಇನ್ವರ್ಟರ್ ಮೀಟರಿಗಿಂತ 4–5 ವೋಲ್ಟ್ ಹೆಚ್ಚು ತೋರಿಸುತ್ತಿದ್ದರೆ ಮಾಳಿಗೆಯಿಂದ ಇಳಿಸಿದ ಕೇಬಲ್ ಸಣ್ಣದು, ಅದು ಹಾಕಿದವರ ಪಾಲು. ಬ್ರೇಕರ್ ಇಳಿಸಿದೊಡನೆ ಮೀಟರಿನಲ್ಲಿ ಏಳೆಂಟು ವೋಲ್ಟ್ ಇಳಿದರೆ ಕಂಬದಿಂದ ಮನೆಗೆ ಬಂದ ಸರ್ವಿಸ್ ವೈರಿನ ಮೇಲೆ ಅನುಮಾನ. ಬ್ರೇಕರ್ ಇಳಿಸಿದ ಮೇಲೂ 250ರ ಮೇಲೆಯೇ ನಿಂತಿದ್ದರೆ ತೊಂದರೆ ಟಿಸಿ (ಓಣಿಯ ಟ್ರಾನ್ಸ್‌ಫಾರ್ಮರ್) ಕಡೆಯದು.

ಸರ್ವಿಸ್ ವೈರಿನ ಲೆಕ್ಕ ನೋಡಿ. ಮನೆಯಲ್ಲಿ ಬಳಕೆ ಇಲ್ಲದಾಗ 5 ಕಿಲೋವ್ಯಾಟ್ ಅಂದರೆ ಸುಮಾರು 21 ಆಂಪಿಯರ್ ಹೊರಗೆ ಹೋಗುತ್ತದೆ. ಕಂಬ 30 ಮೀಟರ್ ದೂರವಿದ್ದು, 4 ಚದರ ಮಿ.ಮೀ. ಅಲ್ಯೂಮಿನಿಯಂ ವೈರ್ ಇದ್ದರೆ ಹೋಗಿ ಬರುವ 60 ಮೀಟರಿನಲ್ಲಿ 9 ವೋಲ್ಟ್ ಏರುತ್ತದೆ. ಕಂಬದಲ್ಲಿ 246 ಇದ್ದರೆ ನಿಮ್ಮಲ್ಲಿ 255. ಅದೇ 16 ಚದರ ಮಿ.ಮೀ. ಹಾಕಿದರೆ ಏರಿಕೆ ಎರಡೂವರೆ ವೋಲ್ಟಿನೊಳಗೆ. ಕಂಬದಲ್ಲಿ ಲೈನಿಗೆ ಸೇರಿಸಿದ ತುಂಡು ತಂತಿ (ಜಂಪರ್) ಸಡಿಲಾಗಿ ಮಸಿ ಹಿಡಿದಿದ್ದರೂ ಹೀಗೇ ಆಗುತ್ತದೆ.

ಟಿಸಿ ಕಡೆಯ ಕಥೆ ಬೇರೆ. ನಮ್ಮ ಲೈನುಗಳನ್ನು ಕರೆಂಟು ಮನೆಗೆ ಬರಲಿ ಎಂದು ಎಳೆದದ್ದು, ಮನೆಯಿಂದ ಹೋಗಲಿ ಎಂದಲ್ಲ. ಸಂಜೆ ಲೋಡ್ ಬಿದ್ದಾಗ ಲೈನಿನ ತುದಿಯ ಮನೆಗೂ ವೋಲ್ಟೇಜ್ ಸಾಲಲಿ ಎಂದು ಟಿಸಿಯಲ್ಲೇ ತುಸು ಏರಿಸಿಟ್ಟಿರುತ್ತಾರೆ. 2024ರಲ್ಲಿ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂದು 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಸಿಗತೊಡಗಿದ ಮೇಲೆ ಒಂದೇ ಓಣಿಯಲ್ಲಿ ನಾಲ್ಕಾರು ಮಾಳಿಗೆ ಸೋಲಾರ್ ಆದರೆ, ಎಲ್ಲವೂ ಒಂದೇ ಫೇಸಿನ ಮೇಲೆ ಕೂತಿದ್ದರೆ, ಮಧ್ಯಾಹ್ನ ಆ ಫೇಸಿನ ವೋಲ್ಟೇಜ್ ಉಬ್ಬುತ್ತದೆ. ಸೆಕ್ಷನ್ ಆಫೀಸಿಗೆ ಬರೆದ ಅಂಕಿಗಳ ಸಮೇತ ಅರ್ಜಿ ಕೊಟ್ಟು ಫೇಸ್ ಬದಲಿಸಲು ಕೇಳಿ. ಟಿಸಿಗೆ ಟ್ಯಾಪ್ (ವೋಲ್ಟೇಜ್ ಏರಿಸಿ ಇಳಿಸುವ ಮೆಟ್ಟಿಲು) ಇದ್ದರೆ ಒಂದು ಮೆಟ್ಟಿಲು ಇಳಿಸಿದರೆ 2.5%, ಅಂದರೆ 6 ವೋಲ್ಟ್ ಕಡಿಮೆಯಾಗುತ್ತದೆ. ಲೈನ್ ಬಂದ್ ಮಾಡಿ ಅವರೇ ಮಾಡಬೇಕಾದ ಕೆಲಸ ಅದು.

ಅಲ್ಲಿಯತನಕ ವಾಷಿಂಗ್ ಮಷೀನು, ನೀರೆತ್ತುವ ಮೋಟರು ಮಧ್ಯಾಹ್ನವೇ ನಡೆಸಿ. ಹೊರಗೆ ಹೋಗುವ ಕರೆಂಟು ಅಷ್ಟು ತಗ್ಗುತ್ತದೆ. ಇನ್ವರ್ಟರಿನ ಮಿತಿಯನ್ನು 280ಕ್ಕೆ ಏರಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಬೇಡ. ಮೊದಲು ಸುಡುವುದು ನಿಮ್ಮದೇ ಫ್ರಿಜ್ಜು.

ಪ್ರಶ್ನೆ: ಕರೆಂಟ್ ಹೋದ್ರ ಸೋಲಾರೂ ಬಂದ್. ಹಂಗಾದ್ರ ಹಾಕ್ಸಿ ಏನ್ ಉಪಯೋಗ?
– ಓದುಗರು, ರಾಣೆಬೆನ್ನೂರು

ಉತ್ತರ: ಬ್ಯಾಟರಿ ಇಲ್ಲದ ಸೋಲಾರ್ ಬಿಲ್ ಇಳಿಸಲಿಕ್ಕೆ, ಬ್ಯಾಕಪ್ಪಿಗಲ್ಲ. ಲೈನ್ ಸತ್ತಾಗ ನಿಮ್ಮ ಕರೆಂಟು ಹಿಂದಕ್ಕೆ ಹರಿದರೆ ಟಿಸಿ ಅದನ್ನು 11,000 ವೋಲ್ಟಿಗೆ ಏರಿಸಿಬಿಡುತ್ತದೆ, ಕಂಬದ ಮೇಲಿರುವ ಲೈನ್‌ಮನ್ ಬದುಕುವುದಿಲ್ಲ. ಅದಕ್ಕೇ ಬಂದ್ ಆಗುವುದು. ಬೆಳಕು, ಫ್ಯಾನು, ಫ್ರಿಜ್ಜಿಗೆ ಬ್ಯಾಕಪ್ ಬೇಕೆಂದರೆ ಬ್ಯಾಟರಿಯಿಂದಲೂ ನಡೆಯುವ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಹಾಕಿಸಿ ಅವಷ್ಟಕ್ಕೇ ಬೇರೆ ಸರ್ಕ್ಯೂಟ್ ಎಳೆಸಬೇಕು. ಜನರೇಟರ್ ಇದ್ದರೆ ಮನೆಯನ್ನು ಲೈನಿಗೆ ಇಲ್ಲವೇ ಜನರೇಟರಿಗೆ, ಒಂದಕ್ಕೇ ಸೇರಿಸುವ ಚೇಂಜ್‌ಓವರ್ ಸ್ವಿಚ್ ಬೇಕೇ ಬೇಕು, ಜನರೇಟರ್ ನಡೆಯುವಾಗ ಸೋಲಾರ್ ಬ್ರೇಕರ್ ಇಳಿದಿರಬೇಕು. ಇಲ್ಲದಿದ್ದರೆ ಇನ್ವರ್ಟರ್ ಜನರೇಟರನ್ನೇ ಲೈನ್ ಎಂದು ತಿಳಿದು ಅದರೊಳಕ್ಕೆ ಕರೆಂಟು ತಳ್ಳುತ್ತದೆ.

ಪ್ರಶ್ನೆ: ಕಪ್ಪತಗುಡ್ಡದ ಕಡೆ ಇಷ್ಟೊಂದು ಗಾಳಿ ಫ್ಯಾನ್ ತಿರಗತಾವ. ನಮ್ಮ ಹೊಲಕ್ಕ ಮಾತ್ರ ತ್ರೀ ಫೇಸ್ ತಾಸಿನ ಲೆಕ್ಕ. ಯಾಕ್ರೀ?
– ರೈತರು, ಮುಂಡರಗಿ ತಾಲೂಕು

ಉತ್ತರ: ಆ ಕರೆಂಟು ನಿಮ್ಮ 11 ಕೆವಿ (11,000 ವೋಲ್ಟ್) ಫೀಡರಿಗೆ, ಅಂದರೆ ಸಬ್‌ಸ್ಟೇಷನ್ನಿನಿಂದ ನಿಮ್ಮ ಕಡೆ ಬರುವ ಲೈನಿಗೆ, ಇಳಿಯುವುದೇ ಇಲ್ಲ. ಗಾಳಿ ಫ್ಯಾನಿನ ಬುಡದಲ್ಲೇ 33 ಕೆವಿಗೆ ಏರಿ, ಅಲ್ಲಿಂದ ದೊಡ್ಡ ಲೈನು ಸೇರಿ ಹೋಗುತ್ತದೆ. ಅಲ್ಲದೆ ಗಾಳಿ ಜೋರಿರುವುದು ಮುಂಗಾರಿನಲ್ಲಿ, ನಿಮ್ಮ ಪಂಪಿಗೆ ಕರೆಂಟು ಬೇಕಾಗುವುದು ಫೆಬ್ರವರಿಯಿಂದ ಏಪ್ರಿಲ್. ಗಾಳಿಯ ವೇಗ ಅರ್ಧವಾದರೆ ಅದರಲ್ಲಿನ ಶಕ್ತಿ ಎಂಟರಲ್ಲೊಂದು ಪಾಲು ಅಷ್ಟೇ. ಬೇಸಿಗೆ ಪಂಪಿಗೆ ಹೊಂದುವುದು ಬಿಸಿಲೇ; ಸಬ್‌ಸ್ಟೇಷನ್ನಿನ ಹತ್ತಿರವೇ ಸೋಲಾರ್ ಹಾಕಿ ಹೊಲದ ಫೀಡರಿಗೆ ಹಗಲು ಕರೆಂಟು ಕೊಡುವ ಪಿಎಂ ಕುಸುಮ್ ಯೋಜನೆಯ ‘ಸಿ’ ಭಾಗ ಇದಕ್ಕಾಗಿಯೇ ಇದೆ.

ಹಗಲು ಕರೆಂಟು ಬಂದರೂ ಒಂದು ತಾಪತ್ರಯ ಉಳಿಯುತ್ತದೆ. 5 ಎಚ್‌ಪಿ ಮೋಟರ್ ನಡೆಯುವಾಗ 7.5 ಆಂಪಿಯರ್ ಎಳೆದರೆ ಚಾಲೂ ಆಗುವ ಗಳಿಗೆಯಲ್ಲಿ ಸುಮಾರು ಆರು ಪಟ್ಟು. ಲೈನ್ ಬಂದೊಡನೆ ಹತ್ತು ಆಟೋ ಸ್ಟಾರ್ಟರ್ ಒಟ್ಟಿಗೆ ಹಿಡಿದರೆ 450 ಆಂಪಿಯರ್. 63 ಕೆವಿಎ ಟಿಸಿ ತಾಳುವುದು 84 ಆಂಪಿಯರ್. ವೋಲ್ಟೇಜ್ ಕುಸಿಯುತ್ತದೆ, ಮೋಟರುಗಳು ಏಳಲಾರದೆ ಎಳೆಯುತ್ತಲೇ ಇರುತ್ತವೆ, ಫ್ಯೂಸಿನ ಬದಲು ದಪ್ಪ ತಂತಿ ಕಟ್ಟಿದ್ದರಂತೂ ಟಿಸಿಯೇ ಸುಡುತ್ತದೆ. ಒಂದೇ ಟಿಸಿಯವರು ಕೂಡಿ ಸ್ಟಾರ್ಟರಿನ ಟೈಮರನ್ನು ಒಬ್ಬರಿಂದೊಬ್ಬರಿಗೆ ಅರ್ಧ ನಿಮಿಷದ ಅಂತರದಲ್ಲಿ ಇಟ್ಟುಕೊಳ್ಳಿ. ಮೋಟರ್ ಲೈನಿನಿಂದ ಎಳೆಯುವ ಕರೆಂಟು ತಗ್ಗಲು 5 ಎಚ್‌ಪಿಗೆ 2 ಕೆವಿಎಆರ್ (ಕೆಪಾಸಿಟರಿನ ಅಳತೆ), 7.5ಕ್ಕೆ 3 ಕೆವಿಎಆರ್ ಕೆಪಾಸಿಟರ್ ಹಾಕಿ.

ಪ್ರಶ್ನೆ: ಪ್ಯಾನಲ್ ಬೋರ್‌ವೆಲ್ ನೀರಿನ್ಯಾಗ ತೊಳೀಬಹುದೇನ್ರಿ?
– ಓದುಗರು, ಗದಗ

ಉತ್ತರ: ಗಡಸು ನೀರಾದರೆ ಒಣಗಿದ ಮೇಲೆ ಬಿಳಿ ಉಪ್ಪು ಕೂರುತ್ತದೆ. ಮಳೆ ನೀರು ಉತ್ತಮ. ಬೋರಿನದೇ ಗತಿಯೆಂದರೆ ತೊಳೆದೊಡನೆ ರಬ್ಬರ್ ವೈಪರಿನಿಂದ ಎಳೆಯಿರಿ. ಬಿಸಿಲೇರುವ ಮುನ್ನ ತೊಳೆಯಬೇಕು, ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಎರೆ ಧೂಳು ಒಣಗಿದ್ದಾಗ ಬಟ್ಟೆಯಿಂದ ಉಜ್ಜಬೇಡಿ, ಗಾಜು ಗೀರು ಬೀಳುತ್ತದೆ.