ಹತ್ತು ಪರ್ಸೆಂಟ್ ಕಡಿಮೆ ಕೇಳಬಹುದಾ?

ಹೇಳಿದ ಬೆಲೆಗಿಂತ 10 ಪರ್ಸೆಂಟ್ ಕಡಿಮೆ ಕೇಳಿದರೆ ಮನೆ ಮಾರುವವರಿಗೆ ಬೇಜಾರಾಗುತ್ತಾ ಅಂತ ಕೇಳಿದ್ದೀರಿ. ಸುಮ್ನೆ ಕೇಳಿದರೆ ಆಗಬಹುದು, ಕಾರಣ ಕೊಟ್ಟು ಕೇಳಿ. ಅಕ್ಕಪಕ್ಕದಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳ ಬೆಲೆ ತಿಳಿದುಕೊಳ್ಳಿ. ಜನ ಹೇಳುವ ಬೆಲೆ ಅಲ್ಲ, ನಿಜವಾಗಿ ಕೈಸೇರಿದ್ದು.

ನಾವು ನೋಡಿದ ಮನೆಯಲ್ಲಿ ಬಚ್ಚಲಿನ ಹಿಂದಿನ ಗೋಡೆಯ ಬಣ್ಣ ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ಗಾರೆ ಪುಡಿಪುಡಿಯಾಗಿ ಉದುರಿತು. ರಿಪೇರಿಗೆ ಎಷ್ಟಾಗುತ್ತೆ ಅಂತ ಮೇಸ್ತ್ರಿ ಹತ್ತಿರ ಬರೆಸಿಕೊಂಡು ಮಾರುವವರ ಮುಂದಿಟ್ಟೆವು. ಮಾತು ಬೆಳೆಸದೆ ಅಷ್ಟೂ ಇಳಿಸಿದರು!

ಯಾಕೆ ಮಾರುತ್ತಿದ್ದಾರೆ ಅಂತಲೂ ವಿಚಾರಿಸಿ. ಅವಸರ ಇದ್ದವರಿಗೆ ವ್ಯವಹಾರ ಬೇಗ ಮುಗಿಯೋದೇ ಮುಖ್ಯ, ಅಲ್ವಾ? ನಿಮಗೆ ಸಾಲ ಮೊದಲೇ ಮಂಜೂರಾಗಿದ್ದರೆ ಅದನ್ನು ಖಂಡಿತ ಹೇಳಿ. ಆದರೆ ಎಲ್ಲಿಯವರೆಗೆ ಹೋಗಬಲ್ಲಿರಿ ಅನ್ನೋದನ್ನು ಬ್ರೋಕರ್ ಹತ್ತಿರವೂ ಬಾಯಿಬಿಡಬೇಡಿ.