ಪ್ರವಾಸ ಪ್ರಶ್ನೋತ್ತರ: ಸಿಂಗಾಪುರಕ್ಕೆ ಹೊರಟವರಿಗೆ

ಪ್ರಶ್ನೆ: ಅಪ್ಪ-ಅಮ್ಮನನ್ನು ಕರೆದುಕೊಂಡು ನಾಲ್ಕು ದಿನದ ಮಟ್ಟಿಗೆ ಹೋಗುತ್ತಿದ್ದೇವೆ. ಇಬ್ಬರಿಗೂ ಎಪ್ಪತ್ತು ಹತ್ತಿರ. ಏಜೆಂಟರು ಕೊಟ್ಟ ಪಟ್ಟಿಯಲ್ಲಿ ಮೊದಲ ದಿನವೇ ಮರ್ಲಯನ್, ಫ್ಲೈಯರ್, ಸ್ಕೈಪಾರ್ಕ್, ಗಾರ್ಡನ್ಸ್ ಬೈ ದ ಬೇ ನಾಲ್ಕೂ ಇವೆ. ಆಗುವ ಮಾತೇ? ಎಲ್ಲಕ್ಕೂ ದುಡ್ಡು ಕೊಡಬೇಕೆ?
– ಹಾಸನದ ಓದುಗರು

ಉತ್ತರ: ನಾಲ್ಕೂ ಮರೀನಾ ಬೇ ಎಂಬ ಒಂದೇ ಕೊಲ್ಲಿಯ ಸುತ್ತ ಇರುವುದರಿಂದ ನಕ್ಷೆಯಲ್ಲಿ ಪಕ್ಕಪಕ್ಕ ಕಾಣುತ್ತವೆ. ಬಿಸಿಲಲ್ಲಿ ನಡೆದವರಿಗೆ ಗೊತ್ತು, ಅಷ್ಟೇನೂ ಪಕ್ಕವಲ್ಲ. ಊರು ಇರುವುದು ಭೂಮಧ್ಯರೇಖೆಯಿಂದ ಸುಮಾರು 137 ಕಿ.ಮೀ. ದೂರದಲ್ಲಿ. ವರ್ಷವಿಡೀ ಮಂಗಳೂರಿನ ಮೇ ತಿಂಗಳ ಸೆಕೆ, ಮಧ್ಯಾಹ್ನ ಗುಡುಗು-ಮಳೆ. ಆದ್ದರಿಂದ ಪಟ್ಟಿಯನ್ನು ಸ್ಥಳದ ಲೆಕ್ಕದಲ್ಲಲ್ಲ, ಹೊತ್ತಿನ ಲೆಕ್ಕದಲ್ಲಿ ಮಾಡಿಕೊಳ್ಳಿ.

ಅಲ್ಲಿ ಸೂರ್ಯ ಮುಳುಗುವುದು ವರ್ಷಪೂರ್ತಿ ಸಂಜೆ ಏಳರ ಆಸುಪಾಸು. (ಊರಿನ ನಿಜವಾದ ಸ್ಥಾನಕ್ಕಿಂತ ಗಡಿಯಾರವನ್ನು ಮುಂದೆ ಇಟ್ಟುಕೊಂಡಿದ್ದಾರೆ, ನಮಗಿಂತ ಎರಡೂವರೆ ಗಂಟೆ ಮುಂದೆ.) ಕೊಲ್ಲಿಯ ಸುತ್ತ ನೋಡಲೇಬೇಕಾದದ್ದೆಲ್ಲ ಆಮೇಲೆಯೇ ಶುರು, ಅದರಲ್ಲಿ ಹೆಚ್ಚಿನದು ಪುಕ್ಕಟೆ.

ಸಂಜೆ ನಾಲ್ಕಕ್ಕೆ ಬೇಫ್ರಂಟ್ ನಿಲ್ದಾಣದಲ್ಲಿಳಿದು ಗಾರ್ಡನ್ಸ್ ಬೈ ದ ಬೇಗೆ ಹೋಗಿ. 2012ರಲ್ಲಿ ತೆರೆದ ಈ ತೋಟದ ಬಯಲಿಗೆ ಟಿಕೆಟ್ ಇಲ್ಲ, ಗಾಜಿನ ಮನೆಗಳಿಗೆ ಮಾತ್ರ ಇದೆ. ಎರಡರಲ್ಲಿ ಒಂದೇ ಎಂದಾದರೆ ಕ್ಲೌಡ್ ಫಾರೆಸ್ಟ್ ಇರಲಿ. ಒಳಗೆ 35 ಮೀಟರ್ ಎತ್ತರದ ಕೃತಕ ಬೆಟ್ಟ, ಮೈತುಂಬ ಜರೀಗಿಡ, ಆರ್ಕಿಡ್, ಮೇಲಿಂದ ಧುಮುಕುವ ನೀರು. ಲಿಫ್ಟಿನಲ್ಲಿ ತುದಿಗೆ ಹೋಗಿ, ಬೆಟ್ಟವನ್ನು ಸುತ್ತುವ ದಾರಿಯಲ್ಲಿ ಇಳಿದು ಬರುವುದು, ಹಾಗಾಗಿ ಮಂಡಿನೋವಿನವರಿಗೂ ತೊಂದರೆಯಿಲ್ಲ. ಒಳಗೆ ತಂಪು, ಹೊರಗೆ ಬೆವತು ಬಂದವರಿಗೆ ಹತ್ತೇ ನಿಮಿಷದಲ್ಲಿ ಚಳಿ ಹಿಡಿಯುತ್ತದೆ. ಅಮ್ಮನವರ ಚೀಲದಲ್ಲಿ ಒಂದು ಶಾಲು ಇರಲಿ. ಗಾಜಿನ ಮನೆಗಳಿಗೆ ತಿಂಗಳಿಗೊಮ್ಮೆ ದುರಸ್ತಿಯ ರಜೆ ಇರುತ್ತದೆ, ಟಿಕೆಟ್ ತೆಗೆಯುವ ಮೊದಲು ದಿನಾಂಕ ನೋಡಿ.

ಏಳೂವರೆಗೆ ಸೂಪರ್‌ಟ್ರೀಗಳ ಕೆಳಗೆ ಜಾಗ ಹಿಡಿಯಿರಿ. ಇವು 25ರಿಂದ 50 ಮೀಟರ್ ಎತ್ತರದ ಉಕ್ಕು-ಕಾಂಕ್ರೀಟಿನ ಮರಗಳು, ಮೈಮೇಲೆ ನಿಜವಾದ ಗಿಡಬಳ್ಳಿ. 7.45ಕ್ಕೆ ಮತ್ತು 8.45ಕ್ಕೆ ಬೆಳಕು-ಸಂಗೀತದ ಆಟ. ಕತ್ತೆತ್ತಿ ನಿಂತರೆ ಕುತ್ತಿಗೆ ನೋಯುತ್ತದೆ. ಗೊತ್ತಿದ್ದವರು ಒಂದು ಬಟ್ಟೆ ಹಾಸಿ ನೆಲದ ಮೇಲೆಯೇ ಮಲಗಿ ನೋಡುತ್ತಾರೆ. ಮರಗಳ ನಡುವೆ 22 ಮೀಟರ್ ಎತ್ತರದ ತೂಗುದಾರಿಯೂ ಇದೆ. ಅದಕ್ಕೆ ಬೇರೆ ಟಿಕೆಟ್, ಮಳೆ-ಮಿಂಚು ಬಂದರೆ ಮುಚ್ಚುತ್ತಾರೆ. ನಮ್ಮ ಲೆಕ್ಕದಲ್ಲಿ ಬಿಟ್ಟರೆ ನಷ್ಟವಿಲ್ಲ.

7.45ರ ಆಟ ಮುಗಿಸಿ ಸೇತುವೆ ದಾಟಿ ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನ ಮಳಿಗೆಯೊಳಗಿಂದಲೇ ಕೊಲ್ಲಿಯ ದಡಕ್ಕೆ ಬನ್ನಿ, ನಿಧಾನವಾಗಿ ನಡೆದರೂ ಅರ್ಧ ಗಂಟೆ ಸಾಕು. ಒಂಬತ್ತಕ್ಕೆ ಸ್ಪೆಕ್ಟ್ರಾ ಎಂಬ ಕಾರಂಜಿಯಾಟ, ಹದಿನೈದು ನಿಮಿಷ, ಇದೂ ಪುಕ್ಕಟೆ. ಹೋಟೆಲಿನ ಮುಂದಿನ ದಡದಿಂದಲೇ ನೋಡಿ. ಮರ್ಲಯನ್ ಕಡೆ ನಿಂತರೆ ಲೇಸರ್ ಗೆರೆಗಳು ಕಾಣುತ್ತವೆಯೇ ಹೊರತು ನೀರಿನ ತೆರೆಯ ಮೇಲೆ ಮೂಡುವ ಚಿತ್ರ ಕಾಣುವುದಿಲ್ಲ.

ಇನ್ನು ಫ್ಲೈಯರ್ ಎಂಬ ದೈತ್ಯ ಚಕ್ರವೋ ಸ್ಕೈಪಾರ್ಕೋ? ಎರಡೂ ಎತ್ತರದಿಂದ ಅದೇ ಊರನ್ನೇ ತೋರಿಸುತ್ತವೆ, ಒಂದು ಸಾಕು. ಸ್ಕೈಪಾರ್ಕ್ ಇರುವುದು ಅದೇ ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನ ನೆತ್ತಿಯ ಮೇಲೆ, 57ನೇ ಮಟ್ಟದಲ್ಲಿ. ಅಲ್ಲಿ ನಿಂತರೆ ಊರೆಲ್ಲ ಕಾಣುತ್ತದೆ, ಆ ಹೋಟೆಲು ಮಾತ್ರ ಕಾಣುವುದಿಲ್ಲ! ಚಿತ್ರಗಳಲ್ಲಿ ನೋಡಿದ ಈಜುಕೊಳಕ್ಕೆ ಅಲ್ಲಿ ಉಳಿದವರಿಗಷ್ಟೇ ಪ್ರವೇಶ. ಟಿಕೆಟ್ ಕೊಂಡು ಮೇಲೆ ಹೋಗಿ ಪೆಚ್ಚಾಗುವವರು ಇದ್ದೇ ಇರುತ್ತಾರೆ. 165 ಮೀಟರಿನ ಫ್ಲೈಯರ್‌ನಲ್ಲಾದರೆ ಎಸಿ ಗೂಡಿನೊಳಗೆ ಕುಳಿತು ಅರ್ಧ ಗಂಟೆಯಲ್ಲಿ ಒಂದು ಸುತ್ತು. ಹಿರಿಯರಿಗೆ ಇದೇ ವಾಸಿ. ಚಕ್ರ ನಿಲ್ಲುವುದಿಲ್ಲ, ನಿಧಾನವಾಗಿ ತಿರುಗುತ್ತಿರುವಾಗಲೇ ಹತ್ತಬೇಕು. ಕೈ ಹಿಡಿದುಕೊಳ್ಳಿ.

ಮರ್ಲಯನ್ ಅನ್ನು ಇನ್ನೊಂದು ಬೆಳಿಗ್ಗೆಗೆ ಇಟ್ಟುಕೊಳ್ಳಿ. ಸಿಂಹದ ತಲೆ, ಮೀನಿನ ಮೈಯ ಈ ಮೂರ್ತಿಯ ಎತ್ತರ 8.6 ಮೀಟರ್ ಅಷ್ಟೇ. 1972ರಲ್ಲಿ ನದಿಯ ಬಾಯಲ್ಲಿ ನಿಲ್ಲಿಸಿದ್ದನ್ನು 2002ರಲ್ಲಿ ಈಗಿನ ಜಾಗಕ್ಕೆ ತಂದರು. ಮುಖ ಪೂರ್ವಕ್ಕೆ, ಹಾಗಾಗಿ ಬೆಳಗಿನ ಬಿಸಿಲು ನೇರ ಮುಖದ ಮೇಲೆ ಬೀಳುತ್ತದೆ. ಮಧ್ಯಾಹ್ನದ ಮೇಲೆ ಸೂರ್ಯ ಅದರ ಬೆನ್ನಿಗೆ, ಫೋಟೋದಲ್ಲಿ ಬರೀ ಕಪ್ಪು ಸಿಂಹ.

ಪ್ರಶ್ನೆ: ಮೃಗಾಲಯ, ನೈಟ್ ಸಫಾರಿ ಎರಡನ್ನೂ ಒಂದೇ ದಿನ ನೋಡಬಹುದೇ? ಆರು ವರ್ಷದ ಮಗಳಿದ್ದಾಳೆ.
– ಮೈಸೂರಿನ ಓದುಗರು

ಉತ್ತರ: ಎರಡೂ ಊರಿನ ಉತ್ತರಕ್ಕೆ ಮಂಡಾಯಿಯಲ್ಲಿ ಅಕ್ಕಪಕ್ಕದಲ್ಲೇ ಇವೆ, ಹಾಗಾಗಿ ಎಲ್ಲರಿಗೂ ಈ ಆಸೆ. ತೊಡಕು ಹೊತ್ತಿನದು. ಮೃಗಾಲಯ ಬೆಳಿಗ್ಗೆ 8.30ಕ್ಕೆ ತೆರೆದು ಸಂಜೆ ಆರಕ್ಕೆ ಮುಚ್ಚುತ್ತದೆ. ನೈಟ್ ಸಫಾರಿ ತೆರೆಯುವುದೇ 7.15ಕ್ಕೆ. ಬೆಳಿಗ್ಗೆಯೇ ಹೋದ ಮಗು ಸಫಾರಿ ಟ್ರ್ಯಾಮಿನಲ್ಲಿ ಕುಳಿತೊಡನೆ ನಿದ್ದೆ ಹೋಗುತ್ತದೆ. ಮಧ್ಯಾಹ್ನ ಎರಡಕ್ಕೆ ಮೃಗಾಲಯಕ್ಕೆ ಹೋಗಿ, ಅಲ್ಲಿನ ನೀರಾಟದ ಜಾಗದಲ್ಲಿ ಆಡಿಸಿ (ಬದಲಿ ಬಟ್ಟೆ ಮರೆಯಬೇಡಿ), ಊಟ ಮುಗಿಸಿ ಸಫಾರಿಗೆ ಹೋಗುವುದು ಒಂದು ದಾರಿ. ಎರಡು ದಿನವಾಗಿ ಒಡೆಯುವುದು ಅದಕ್ಕಿಂತ ಒಳ್ಳೆಯದು.

ಖತೀಬ್ ಮೆಟ್ರೋ ನಿಲ್ದಾಣದಿಂದ ಶಟಲ್ ಬಸ್ ಇದೆ. ಸಫಾರಿಗೆ ಸಮಯ ನಮೂದಿಸಿದ ಟಿಕೆಟ್ಟನ್ನು ಮೊದಲೇ ತೆಗೆಯಬೇಕು. ಬಾಗಿಲು ತೆರೆದೊಡನೆ ಎಲ್ಲರೂ ಟ್ರ್ಯಾಮಿನ ಸಾಲಿಗೆ ಓಡುತ್ತಾರೆ. ನೀವು ಮೊದಲು ಕಾಲುದಾರಿಗಳನ್ನು ನೋಡಿ ಟ್ರ್ಯಾಮನ್ನು ಕೊನೆಗೆ ಇಟ್ಟುಕೊಳ್ಳಿ, ಅಷ್ಟರಲ್ಲಿ ಸಾಲು ಕರಗಿರುತ್ತದೆ. ಫ್ಲ್ಯಾಶ್ ಹಾಕುವಂತಿಲ್ಲ, ಮೊಬೈಲಿನಲ್ಲಿ ಮೊದಲೇ ಆರಿಸಿಡಿ. ರಾತ್ರಿ ಹತ್ತೂವರೆಗೆ ಹೊರಟರೆ ಮೆಟ್ರೋ ಸಿಗುತ್ತದೆ. ಹನ್ನೆರಡು ದಾಟಿದರೆ ಟ್ಯಾಕ್ಸಿಯ ಮೀಟರಿಗೆ ಇನ್ನರ್ಧ ಸೇರುತ್ತದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಅತ್ತೆ ಈರುಳ್ಳಿ-ಬೆಳ್ಳುಳ್ಳಿ ಕೂಡ ಮುಟ್ಟುವುದಿಲ್ಲ. ಊಟದ ಗತಿ ಏನು?
– ಹುಬ್ಬಳ್ಳಿಯ ಓದುಗರು

ಉತ್ತರ: ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಇಡ್ಲಿ-ದೋಸೆಗೆ ಬರವಿಲ್ಲ. ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಹತ್ತಿರ ನಮ್ಮ ಎಂಟಿಆರ್ ಕೂಡ ಇದೆ. ಎಡವಟ್ಟಾಗುವುದು ಹಾಕರ್ ಸೆಂಟರುಗಳಲ್ಲಿ, ಅಂದರೆ ಒಂದೇ ಸೂರಿನಡಿ ಸಾಲಾಗಿರುವ ಊಟದ ಅಂಗಡಿಗಳಲ್ಲಿ. ಅಲ್ಲಿ ಬರೀ ಸೊಪ್ಪಿನ ಪಲ್ಯಕ್ಕೂ ಸಿಂಪಿಯ ಸಾಸ್ ಅಥವಾ ಒಣಸಿಗಡಿಯ ಅರಪು ಹಾಕುತ್ತಾರೆ. 'ಮಾಂಸ ಬೇಡ' ಎಂದರೆ ಸಾಲದು. ಮೀನು, ಸಿಗಡಿ, ಸಿಂಪಿ ಸಾಸ್, ಮೊಟ್ಟೆ ಎಂದು ಹೆಸರು ಹಿಡಿದು ಕೇಳಬೇಕು. ಅತ್ತೆಯವರಿಗೆ ಅನುಕೂಲವಾಗುವುದು ಚೀನೀ ಬೌದ್ಧರ ಸಸ್ಯಾಹಾರದ ಅಂಗಡಿಗಳು, ಆ ಪದ್ಧತಿಯಲ್ಲೂ ಈರುಳ್ಳಿ-ಬೆಳ್ಳುಳ್ಳಿ ವರ್ಜ್ಯ. ತಟ್ಟೆಯಲ್ಲಿ ಕೋಳಿಯಂತೆ ಕಾಣುವುದು ಸೋಯಾ, ಗಾಬರಿಯಾಗಬೇಡಿ. ಮೊಟ್ಟೆಯ ಬಗ್ಗೆ ಅಲ್ಲೂ ಕೇಳಿ.

ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇದ್ದರೆ ಜಾಗ ಹಿಡಿದಾಗಿದೆ ಎಂದರ್ಥ. ನಾವು ಬಸ್ಸಿನ ಕಿಟಕಿಯಿಂದ ಕರ್ಚೀಫು ಹಾಕುವುದಿಲ್ಲವೇ, ಹಾಗೆ. ಉಂಡ ತಟ್ಟೆಯನ್ನು ನೀವೇ ಒಯ್ದಿಡಬೇಕು, ಬಿಟ್ಟು ಎದ್ದರೆ ದಂಡದ ನಿಯಮವಿದೆ. ದೊಡ್ಡ ಹೋಟೆಲಿನ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಕೂಡಿಸುವ ಚಿಹ್ನೆ ಕಂಡರೆ 10% ಸೇವಾಶುಲ್ಕ, ಅದರ ಮೇಲೆ 9% ಜಿಎಸ್‌ಟಿ ಸೇರುತ್ತದೆ.

ಪ್ರಶ್ನೆ: ಮೆಟ್ರೋಗೆ ಪಾಸು ಬೇಕೆ?
– ಬೆಂಗಳೂರಿನ ಓದುಗರು

ಉತ್ತರ: ಬೇಡ. ತಾಗಿಸಿ ಹಣ ಕೊಡುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇದ್ದರೆ ಸಾಕು, ಬ್ಯಾಂಕಿನಲ್ಲಿ ವಿದೇಶಿ ಬಳಕೆಯನ್ನು ತೆರೆಸಿಕೊಂಡಿರಬೇಕು. ಒಬ್ಬರಿಗೊಂದು ಕಾರ್ಡು, ಒಂದರಲ್ಲೇ ಇಬ್ಬರು ಹೋಗಲಾಗದು. ಬಸ್ಸಿನಿಂದ ಇಳಿಯುವಾಗಲೂ ತಾಗಿಸಿ, ಮರೆತರೆ ಕೊನೆಯ ನಿಲ್ದಾಣದವರೆಗಿನ ದರ ಕತ್ತರಿಸುತ್ತದೆ. 0.9 ಮೀಟರಿಗಿಂತ ಎತ್ತರದ, ಏಳು ತುಂಬದ ಮಕ್ಕಳಿಗೆ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಉಚಿತ ಕಾರ್ಡು ಕೊಡುತ್ತಾರೆ. ರೈಲಿನೊಳಗೆ ನೀರು ಕುಡಿಯುವುದೂ ತಪ್ಪು. ದಂಡ 500 ಡಾಲರ್‌ವರೆಗೆ.

ಪ್ರಶ್ನೆ: ಚಾಂಗಿಯಲ್ಲಿ ಎಂಟು ಗಂಟೆ ವಿಮಾನಕ್ಕೆ ಕಾಯಬೇಕು. ಜ್ಯುವೆಲ್‌ನ ಜಲಪಾತ ನೋಡಬಹುದೇ?
– ಶಿವಮೊಗ್ಗದ ಓದುಗರು

ಉತ್ತರ: ಜ್ಯುವೆಲ್ ಎಂದರೆ ಚಾಂಗಿ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಮಳಿಗೆ ಸಂಕೀರ್ಣ. 40 ಮೀಟರಿನ ಆ ಜಲಪಾತ ಇರುವುದು ವಲಸೆ ತಪಾಸಣೆಯ ಆಚೆ. ವೀಸಾ ಇಲ್ಲದಿದ್ದರೆ ಹತ್ತಿರ ಹೋಗಲಾಗದು. ಆದರೆ ಟರ್ಮಿನಲ್ 2 ಮತ್ತು 3ರ ನಡುವಿನ ಸ್ಕೈಟ್ರೇನ್ ಜ್ಯುವೆಲ್‌ನ ಒಳಗಿಂದಲೇ ಹಾಯುತ್ತದೆ. ಕಿಟಕಿಯ ಬಳಿ ನಿಂತರೆ ಕೆಲವು ಕ್ಷಣ ಕಾಣುತ್ತದೆ, ಸಾಲದಿದ್ದರೆ ಇನ್ನೊಂದು ಸಲ ಹೋಗಿಬನ್ನಿ, ಕಾಸಿಲ್ಲ. ಮೂರನೇ ಟರ್ಮಿನಲ್ಲಿನ ಚಿಟ್ಟೆ ತೋಟವೂ ತಪಾಸಣೆಯ ಈಚೆಗೇ ಇದೆ.

ಪ್ರಶ್ನೆ: ಚೀಲದಲ್ಲಿ ಏನು ಇರಬಾರದು?
– ದಾವಣಗೆರೆಯ ಓದುಗರು

ಉತ್ತರ: ಚ್ಯೂಯಿಂಗ್ ಗಮ್, ಗುಟ್ಕಾ, ಜಗಿಯುವ ತಂಬಾಕು, ಇ-ಸಿಗರೇಟು. ಸಿಗರೇಟಿಗೆ ಸುಂಕವಿನಾಯಿತಿ ಒಂದಕ್ಕೂ ಇಲ್ಲ. ನಮ್ಮವರು ಸಿಕ್ಕಿಬೀಳುವುದು ಗಸಗಸೆಯಿಂದ: ಅಫೀಮಿನ ಗಿಡದ ಬೀಜವಾದ್ದರಿಂದ ಅಲ್ಲಿ ನಿಷಿದ್ಧ. ಸಾಂಬಾರ ಪುಡಿ, ಮಸಾಲೆ ಪುಡಿಗಳನ್ನು ಮನೆಯಲ್ಲೇ ಮಾಡಿ ಒಯ್ಯುವವರು ಅದರಲ್ಲಿ ಗಸಗಸೆ ಹುರಿದು ಹಾಕಿದ್ದೀರಾ ನೋಡಿಕೊಳ್ಳಿ. ನಿದ್ದೆಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಗಳಿಗೆ ಮುಂಚಿತ ಅನುಮತಿ ಬೇಕಾಗಬಹುದು, ವೈದ್ಯರ ಚೀಟಿ ಜೊತೆಗಿರಲಿ. ಅಲ್ಲಿ ತಲುಪುವ ದಿನವೂ ಸೇರಿ ಅದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬುವ ಆಗಮನ ಕಾರ್ಡಿಗೆ ಶುಲ್ಕವಿಲ್ಲ. ಹಣ ಕೇಳುವ ಜಾಲತಾಣ ಸರಕಾರದ್ದಲ್ಲ.